ಗಿಳಿಯ ಬಾಯಿ ಮುಚ್ಚಿಸಿದ ಭಾನುವಾರ

ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ ಎಂದುಕೊಂಡಿದ್ದೆ. ಕರೆದರು, ಅದೂ ನನಗೆ ಗಂಧಗಾಳಿ ಗೊತ್ತಿಲ್ಲದ ಕೆಲಸಕ್ಕೆ. ಚಿತ್ರದುರ್ಗದ ಒಂದು ಟ್ರಸ್ಟಿನವರು ಸುತ್ತಲಿನ ತಾಲ್ಲೂಕುಗಳ ಹಳ್ಳಿ ಶಾಲೆಗಳಿಗೆ ಟ್ಯಾಬ್ ಕೊಡಲು ಹೊರಟಿದ್ದರು. ಟ್ಯಾಬ್ ಕೊಟ್ಟರೆ ಸಾಲದು, ಮಕ್ಕಳು ಅದರಲ್ಲಿ ಏನು ನೋಡಬೇಕು ಎಂಬುದನ್ನೂ ಯಾರಾದರೂ ಹೇಳಬೇಕಲ್ಲ. ಕನ್ನಡದಲ್ಲಿ ಮಕ್ಕಳಿಗೆ ಪಾಠ ಹೇಳುವ ವೆಬ್‌ಸೈಟುಗಳು ಈಗ ಬೇಕಾದಷ್ಟಿವೆ. ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸಿಕೊಡಲು ಮೂವರನ್ನು ಹುಡುಕಿದರು. ಹಿರಿಯೂರಿನ ಒಬ್ಬ ವಿಜ್ಞಾನದ ಮೇಷ್ಟ್ರು, ಹೊಸದುರ್ಗದ ಒಬ್ಬ ಕಂಪ್ಯೂಟರ್ ಟೀಚರ್ ಹುಡುಗಿ, ಜೊತೆಗೆ ಹೊಳಲ್ಕೆರೆಯಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸಿಯೇ ಕೂದಲು ಹಣ್ಣಾದ ನಾನು.

ನನ್ನನ್ನು ಯಾಕೆ ಆರಿಸಿದರು ಎಂದು ಕೇಳಿದ್ದಕ್ಕೆ, 'ತಪ್ಪು ಹುಡುಕೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಅಂತ ಹೇಳಿದ್ರು ಮೇಡಂ' ಎಂದರು ಟ್ರಸ್ಟಿನವರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ನನ್ನ ದನಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ನನ್ನ ಕ್ಲಾಸಿನಲ್ಲಿ ಗದರಿದರೆ ಪಕ್ಕದ ಕ್ಲಾಸಿನ ಮಕ್ಕಳು ಸುಮ್ಮನಾಗುತ್ತಿದ್ದರು. ಅದು ಊರಿಗೆಲ್ಲ ಗೊತ್ತಿದ್ದ ವಿಷಯ.

ಮೊದಲ ದಿನ ಬಸ್ಸಿಳಿದು ಟ್ರಸ್ಟಿನ ಕೋಣೆಗೆ ಹೋದಾಗ ಹಿರಿಯೂರಿನ ಮೇಷ್ಟ್ರು ಆಗಲೇ ಬಂದು ಟೀ ಕುಡಿಯುತ್ತಿದ್ದರು. 'ಬರ್ರಿ ಮೇಡಂ, ಕುಂತ್ಕಳ್ರಿ. ಇವತ್ತಿನಿಂದ ನಾವು ಜಡ್ಜುಗಳು' ಎಂದು ನಕ್ಕರು. ಒಂದೊಂದು ಸೈಟನ್ನೂ ನೋಡಿ ಅಂಕ ಹಾಕಬೇಕಿತ್ತು. ಮಾಹಿತಿ ಸರಿಯಿದೆಯೇ, ಭಾಷೆ ಮಕ್ಕಳಿಗೆ ಹಿಡಿಸುತ್ತದೆಯೇ, ಜಾಹೀರಾತಿನ ಕಾಟ ಇದೆಯೇ, ಇಂಥವನ್ನೆಲ್ಲ ನೋಡಬೇಕು. ಸೈಟುಗಳ ಇಂಗ್ಲಿಷ್ ಹೆಸರುಗಳು ನನ್ನ ನಾಲಿಗೆಗೆ ಹೊರಳದೆ, ಮೊದಲ ಪುಟದಲ್ಲಿ ಏನು ಚಿತ್ರವಿದೆಯೋ ಅದನ್ನೇ ಹೆಸರು ಮಾಡಿಕೊಂಡೆವು. ಆನೆ ಸೈಟು, ರಾಕೆಟ್ ಸೈಟು, ಗಿಳಿ ಸೈಟು, ಹೀಗೆ.

ಆನೆ ಸೈಟಿನಲ್ಲಿ ಮಗ್ಗಿ ಚೆನ್ನಾಗಿತ್ತು. ಆದರೆ ಏಳರ ಮಗ್ಗಿ ಅರ್ಧ ಆಗುವಷ್ಟರಲ್ಲಿ ಹಣ ಕಟ್ಟಿ ಇಸ್ಪೀಟಾಡಲು ಬನ್ನಿ ಎಂದು ಯಾರೋ ಒಬ್ಬ ಹುಡುಗಿ ಕಣ್ಣು ಹೊಡೆದಳು. ಅಲ್ಲಿಗೆ ಆನೆಯ ಕಥೆ ಮುಗಿಯಿತು. ಇನ್ನೊಂದರಲ್ಲಿ ಗಿಡಮರಗಳ ಪಾಠ. ಅದರ ತೆಂಗಿನ ಮರಕ್ಕೆ ಕೊಂಬೆಗಳಿದ್ದವು, ಕೊಂಬೆಕೊಂಬೆಗೂ ಒಂದೊಂದು ಕಾಯಿ ಜೋತುಬಿದ್ದಿತ್ತು. ಹೊಸದುರ್ಗದ ಹುಡುಗಿ ತೋಟದವರ ಮನೆಯವಳು, ಮೆತ್ತಗೆ ಮಾತಾಡುವ ಸ್ವಭಾವ. ಅವಳೇ ಟೇಬಲ್ ಕುಟ್ಟಿ, 'ಇದನ್ನ ನಮ್ಮಪ್ಪ ನೋಡಿದ್ರೆ ಬಿಡ್ತಾರಾ ಮೇಡಂ?' ಎಂದಳು.

ರಾಕೆಟ್ ಸೈಟಿನಲ್ಲಿ ನನಗೆ ಮರೆಯಲಾಗದ್ದು ಮುಖ ಹೊಂದಿಸುವ ಒಂದು ಆಟ. ಬಿಸಿಲಿಗೆ ನಗುವ ಮುಖ, ಮಳೆಗೆ ಅಳುವ ಮುಖ ಜೋಡಿಸಬೇಕು. ಹಿರಿಯೂರಿನ ಮೇಷ್ಟ್ರು ಮಳೆಗೆ ನಗುವ ಮುಖ ಜೋಡಿಸಿದರು. ತಪ್ಪು ಎಂದಿತು. ಮತ್ತೆ ಜೋಡಿಸಿದರು. ಮತ್ತೆ ತಪ್ಪು ಎಂದಿತು. 'ಲೇ, ನಮ್ಮ ಕಡೆ ಮೋಡ ಕಂಡ್ರೆ ಜನ ಕೈ ಮುಗೀತಾರೆ. ಇವನ್ಯಾವನು ಅಳಾಕೆ ಹೇಳೋನು?' ಎಂದು ಟ್ಯಾಬಿಗೇ ಬೈದರು. ಮಕ್ಕಳು ಸರಿಯಾಗಿ ಹೇಳಿದರೂ ತಪ್ಪು ಎನ್ನುವ ಸೈಟು ನಮಗೆ ಬೇಡ ಎಂದು ಮೂವರೂ ಒಪ್ಪಿದೆವು.

ಉಳಿದದ್ದು ಗಿಳಿ ಸೈಟು. ನಿಜ ಹೇಳಬೇಕೆಂದರೆ ಅದು ಮನಸ್ಸಿಟ್ಟು ಮಾಡಿದ ಕೆಲಸ. ಸಣ್ಣ ಸಣ್ಣ ಕಥೆಗಳು, ಚೊಕ್ಕವಾದ ಕನ್ನಡ, ಒಂದು ಜಾಹೀರಾತೂ ಇಲ್ಲ. ಮೂಲೆಯಲ್ಲಿ ಒಂದು ಹಸಿರು ಗಿಳಿ ಕುಳಿತು ಕಥೆಯನ್ನು ಓದಿ ಹೇಳುತ್ತದೆ. ಆಮೇಲೆ ಪ್ರಶ್ನೆ ಕೇಳುತ್ತದೆ, ನಾಲ್ಕು ಉತ್ತರಗಳನ್ನೂ ಓದುತ್ತದೆ. ಓದುವಾಗ ಆಯಾ ಉತ್ತರ ಮಿಂಚುತ್ತದೆ. ಸರಿಯಾದದ್ದನ್ನು ಮುಟ್ಟಿದರೆ ರೆಕ್ಕೆ ಬಡಿದು 'ಭೇಷ್ ಮರಿ' ಎನ್ನುತ್ತದೆ, ಚಪ್ಪಾಳೆ ಕೇಳಿಸುತ್ತದೆ. ತಪ್ಪು ಮುಟ್ಟಿದರೆ 'ಪರವಾಗಿಲ್ಲ ಮರಿ, ಇನ್ನೊಂದು ಸಲ' ಎನ್ನುತ್ತದೆ.

ನಾನು ಅಂಕ ಕಳೆದದ್ದು ಅಲ್ಲೇ. 'ತಪ್ಪನ್ನ ತಪ್ಪು ಅನ್ನಾಕೆ ಏನು ಕಷ್ಟ ಇದಕ್ಕೆ? ಹಿಂಗೆ ಮುದ್ದು ಮಾಡಿದ್ರೆ ಮಕ್ಕಳು ಕಲಿಯೋದು ಯಾವಾಗ?' ಎಂದೆ. ಮೇಷ್ಟ್ರು, 'ನೀವು ಬೈದು ಕಲಿಸಿದ್ರಿ, ಅದು ಬೈಯದೆ ಕಲಿಸ್ತೈತೆ. ಬಿಡ್ರಿ ಮೇಡಂ' ಎಂದರು. ನಾನು ಬಿಡಲಿಲ್ಲ. ಆದರೂ ಎಲ್ಲ ಸೇರಿಸಿ ನೋಡಿದಾಗ ಗಿಳಿಯೇ ಮೊದಲು ಬಂತು.

ಕೊನೆಯ ತೀರ್ಮಾನಕ್ಕೆ ಮುಂಚೆ ಒಂದೊಂದು ಟ್ಯಾಬನ್ನು ಮನೆಗೆ ಒಯ್ದು, ಮಕ್ಕಳು ಹೇಗೆ ಬಳಸುತ್ತಾರೆ ನೋಡಿ ಎಂದರು. ನನಗೆ ಮಗು ಹುಡುಕುವ ಕಷ್ಟವಿರಲಿಲ್ಲ. ಮಗ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದಾನೆ, ಸೊಸೆ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ನರ್ಸು. ಇಬ್ಬರದೂ ಪಾಳಿಯ ಕೆಲಸವಾದ್ದರಿಂದ ಮೊಮ್ಮಗಳು ಹೆಚ್ಚು ಹೊತ್ತು ನನ್ನ ಜೊತೆಗೇ ಇರುತ್ತಾಳೆ. ಆಗ ಅವಳು ಮೂರನೇ ಕ್ಲಾಸು. ಚುರುಕು. ಯಾವುದೋ ಮದುವೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದನ್ನು ತಿಂಗಳ ಮೇಲೂ ಅದೇ ರಾಗದಲ್ಲಿ ಹೇಳಬಲ್ಲವಳು.

ಗಿಳಿ ಅವಳಿಗೆ ಬಹಳ ಹಿಡಿಸಿತು. ಶಾಲೆಯಿಂದ ಬಂದು ಕೈಕಾಲು ತೊಳೆದವಳೇ ಟ್ಯಾಬ್ ಹಿಡಿಯುತ್ತಿದ್ದಳು. ಒಂದು ಕಥೆ ಮುಗಿದರೆ ಚಪ್ಪಾಳೆ, ಇನ್ನೊಂದು ಮುಗಿದರೆ ಚಪ್ಪಾಳೆ. ಒಂದು ಉತ್ತರವೂ ತಪ್ಪುತ್ತಿರಲಿಲ್ಲ. ಆಮೇಲೆ ಶಾಲೆಯ ಪುಸ್ತಕ ತೆಗೆದು ಗಟ್ಟಿಯಾಗಿ ಪಾಠ ಓದುವುದು ಅವಳ ಪದ್ಧತಿ. ನಾನು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಾ ಕಿವಿ ಅತ್ತ ಕೊಡುತ್ತಿದ್ದೆ. ಎಲ್ಲೂ ತಡವರಿಕೆ ಇಲ್ಲ. ಊರ ಮಕ್ಕಳಿಗೆ ಓದು ಕಲಿಸಿದವಳ ಮೊಮ್ಮಗಳು ಓದದೆ ಇನ್ನೇನು ಎಂದು ಹಿಗ್ಗುತ್ತಿದ್ದೆ. ಮುಂದಿನ ಸಭೆಯಲ್ಲಿ, 'ಗಿಳಿ ಬಗ್ಗೆ ನನ್ನ ತಕರಾರು ಇದ್ದದ್ದೇ. ಆದ್ರೆ ಓದು ಕಲಿಸೋದ್ರಲ್ಲಿ ಎತ್ತಿದ ಕೈ, ಸಾಕ್ಷಿ ನಮ್ಮ ಮನೇಲೇ ಐತೆ' ಎಂದು ಹೇಳಿಯೂ ಬಂದೆ.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಯಜಮಾನರು ತೀರಿಕೊಂಡರು. ವಯಸ್ಸಾಗಿತ್ತು, ಕಾಯಿಲೆಯೂ ಇತ್ತು. ಮೊಮ್ಮಗಳಿಗೆ ಅವರು ಪಕ್ಕದ್ಮನೆ ತಾತ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯ ಆಚೆ ಬದಿಗೇ ಅವರನ್ನು ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಭಜನೆಯವರು ಬಂದು ಕುಳಿತಿದ್ದರು. ಮಗಳು ದೂರದ ಊರಿಂದ ಬರುವ ತನಕ ಎತ್ತುವಂತಿರಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಹೆಣವಿದ್ದರೆ ಉಳಿದ ಮನೆಗಳವರು ಒಲೆ ಹಚ್ಚುವುದಿಲ್ಲ, ಟಿವಿ ಹಾಕುವುದಿಲ್ಲ, ಮಿಕ್ಸಿ ತಿರುಗಿಸುವುದಿಲ್ಲ. ಮಕ್ಕಳನ್ನು ಗದರಿಸುವುದು ಕೂಡ ಇಲ್ಲ. ಎತ್ತಿಕೊಂಡು ಹೋದ ಮೇಲೆ ಮನೆ ಸಾರಿಸಿ, ಸ್ನಾನ ಮಾಡಿ, ಆಮೇಲೆ ಒಲೆಯ ಮಾತು. ಅಲ್ಲಿಯ ತನಕ ಮಕ್ಕಳಿಗೆ ಮಂಡಕ್ಕಿಯೋ ಬಾಳೆಹಣ್ಣೋ ಕೊಟ್ಟು ಸುಧಾರಿಸಬೇಕು. ಮಗನೂ ಸೊಸೆಯೂ ಡ್ಯೂಟಿಗೆ ಹೋಗಿದ್ದರು. ನಾನು ಒಮ್ಮೆ ಹೋಗಿ ಮುಖ ನೋಡಿ, ಮನೆಯವರ ಕೈ ಹಿಡಿದು ಕುಳಿತಿದ್ದು, ಮೊಮ್ಮಗಳೊಬ್ಬಳೇ ಇದ್ದಾಳೆಂದು ವಾಪಸು ಬಂದೆ.

ಅವಳು ಟ್ಯಾಬ್ ಹಿಡಿದು ಕುಳಿತಿದ್ದಳು. ಗಿಳಿ ಬಾಯಿ ತೆರೆಯುವ ಮುಂಚೆ ನಾನು ಓಡಿಹೋಗಿ ಧ್ವನಿ ಪೂರ್ತಿ ಇಳಿಸಿದೆ.

'ಧ್ವನಿ ಇಲ್ದೆ ಹೆಂಗೆ ಆಡೋದು ಅಜ್ಜಿ?' ಎಂದಳು.

'ಕಣ್ಣು ಅವೆಯಲ್ಲ, ಓದ್ಕೊಂಡು ಆಡು' ಎಂದೆ ಮೆಲ್ಲಗೆ.

ಬೇರೆ ಕೆಲಸವಿರಲಿಲ್ಲವಾದ್ದರಿಂದ ಪಕ್ಕದಲ್ಲೇ ಕುಳಿತು ನೋಡಿದೆ. ಸಂತೆಗೆ ಹೋದ ಒಂದು ಮೇಕೆಯ ಹೊಸ ಕಥೆ. ಅವಳು ಪುಟ ಸರಿಸಿದಳು, ಪ್ರಶ್ನೆ ಬಂತು. ಮೇಕೆ ಏನನ್ನು ತಿಂದಿತು ಎಂದು ಕೇಳಿತ್ತು. ಅವಳು ಮೊದಲ ಉತ್ತರ ಮುಟ್ಟಿದಳು. ಕೆಂಪಾಯಿತು. ಎರಡನೆಯದು ಮುಟ್ಟಿದಳು. ಅದೂ ಕೆಂಪಾಯಿತು. ಮುಂದಿನ ಪ್ರಶ್ನೆಗೂ ಹಾಗೇ ಆಯಿತು. ಆಡಲು ಮನಸ್ಸಿಲ್ಲವೇನೋ ಎಂದುಕೊಂಡೆ. ಆಮೇಲೆ ಅವಳ ಕಣ್ಣು ಎಲ್ಲಿದೆ ಎಂದು ಗಮನಿಸಿದೆ. ಅವಳು ಅಕ್ಷರಗಳನ್ನು ನೋಡುತ್ತಲೇ ಇರಲಿಲ್ಲ. ದನಿಯಿಲ್ಲದೆ ಅಲ್ಲಾಡುತ್ತಿದ್ದ ಗಿಳಿಯ ಕೊಕ್ಕನ್ನು ನೋಡುತ್ತಿದ್ದಳು.

ಕಥೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು, 'ಇದನ್ನ ಓದು' ಎಂದೆ. ಮೊದಲ ಅಕ್ಷರ ಹೇಳಿ ನಿಲ್ಲಿಸಿದಳು. ಶಾಲೆಯ ಪುಸ್ತಕ ತಂದೆ. ಅವಳು ದಿನಾ ಓದುವ ಪಾಠದ ಚಿತ್ರವನ್ನು ಅಂಗೈಯಿಂದ ಮುಚ್ಚಿ, ನಡುವಿನ ಒಂದು ಸಾಲು ತೋರಿಸಿದೆ. ಅದೂ ಬರಲಿಲ್ಲ. ಮಂಡಕ್ಕಿ ಕಟ್ಟಿ ತಂದ ಹಳೇ ಪೇಪರು ಅಲ್ಲೇ ಇತ್ತು. ಅದರ ದಪ್ಪ ಅಕ್ಷರ ತೋರಿಸಿದೆ. ಬಿಡಿ ಅಕ್ಷರಗಳನ್ನು ಗುರುತಿಸಿದಳು, ಕಾಗುಣಿತಕ್ಕೆ ತಡವರಿಸಿದಳು, ಒತ್ತಕ್ಷರ ಬಂದಲ್ಲಿ ನಿಂತೇ ಹೋದಳು.

ಬೇರೆ ದಿನವಾಗಿದ್ದರೆ ನನ್ನ ಕೂಗು ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು. ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಆದರೆ ಗೋಡೆಯ ಆಚೆ ಹೆಣ ಕೂತಿದೆ, ದನಿ ಎತ್ತುವಂತಿಲ್ಲ. ಬಂದ ಮಾತನ್ನೆಲ್ಲ ನುಂಗಿ, ಪಿಸುಗುಟ್ಟುವ ದನಿಯಲ್ಲಿ ಕೇಳಿದೆ. 'ಮತ್ತೆ ದಿನಾ ಹೆಂಗೆ ಎಲ್ಲಾ ಸರಿ ಮಾಡ್ತಿದ್ದೆ?'

ಅವಳೂ ಪಿಸುಗುಟ್ಟಿದಳು. 'ಗಿಳಿ ಹೇಳ್ತೈತಲ್ಲ. ಹೇಳಿದಾಗ ಅದು ಮಿಂಚ್ತೈತೆ. ಯಾವ್ದು ಸರಿನೋ ಅದನ್ನ ಮುಟ್ತೀನಿ.'

'ಪುಸ್ತಕ?'

'ಕ್ಲಾಸಲ್ಲಿ ಎಲ್ಲಾರೂ ಕೂಗಿ ಹೇಳ್ತಾರೆ. ಕೇಳಿ ಕೇಳಿ ಬಂದ್ಬಿಡ್ತೈತೆ. ಚಿತ್ರ ನೋಡಿದ್ರೆ ಯಾವ ಪಾಠ ಅಂತ ಗೊತ್ತಾಗ್ತೈತೆ.'

'ನನಗೆ ಯಾಕೆ ಹೇಳ್ಲಿಲ್ಲ?'

ಆಚೆ ಭಜನೆಯವರು ಒಂದು ಪದ ಮುಗಿಸಿ ಇನ್ನೊಂದು ಶುರು ಮಾಡಿದರು. 'ಗಿಳಿ ಪರವಾಗಿಲ್ಲ ಮರಿ ಅಂತೈತೆ. ನೀನು ಬೈತೀಯ' ಎಂದಳು. ಆಮೇಲೆ ಗೋಡೆಯ ಕಡೆ ನೋಡಿ, ನನ್ನ ಕಡೆ ನೋಡಿ ಕೇಳಿದಳು. 'ತಾತನ್ನ ಎತ್ಕೊಂಡು ಹೋದ್ಮೇಲೆ ಬೈತೀಯಾ ಅಜ್ಜಿ?'

ಇಲ್ಲ ಎಂದು ತಲೆಯಾಡಿಸಿದೆ. ನನಗೆ ಬಹಳ ದುಃಖವಾಯಿತು. ಓದು ಬರದ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ. ಮೂರನೇ ಕ್ಲಾಸು ಮುಗಿಯುವ ತನಕ ಹಿಡಿದರೆ ದಾರಿಗೆ ಬರುತ್ತಾರೆ. ಅದು ದಾಟಿದರೆ ಓದುವುದನ್ನು ಬಿಟ್ಟು ಮುಚ್ಚಿಡುವುದನ್ನು ಕಲಿಯುತ್ತಾರೆ. ಮುಂದೆ ಅವರನ್ನು ದಡ್ಡರು ಎಂದು ಹಿಂದಿನ ಬೆಂಚಿಗೆ ಕಳಿಸಲು ಯಾರೂ ಹೆಚ್ಚು ಯೋಚಿಸುವುದಿಲ್ಲ. ನನ್ನ ಮೊಮ್ಮಗಳು ಆ ದಾರಿಯಲ್ಲಿ ಆಗಲೇ ಅರ್ಧ ಹೋಗಿದ್ದಳು, ನಾನು ಅಡುಗೆಮನೆಯಲ್ಲಿ ನಿಂತು ಭೇಷ್ ಎನ್ನುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಮಕ್ಕಳಿಗೆ ಬರೆಸಿದ್ದೆ, ಅದರ ಅರ್ಥ ನನಗೆ ಆ ದಿನ ಆಯಿತು.

ಸಂಜೆಯ ಹೊತ್ತಿಗೆ ಪಕ್ಕದ ಮನೆಯವರ ಮಗಳು ಬಂದಳು, ಯಜಮಾನರನ್ನು ಎತ್ತಿದರು. ಬೀದಿಯಲ್ಲಿ ನೀರು ಹಾಕಿ ತೊಳೆದರು. ಸ್ನಾನ ಮಾಡಿ ಒಲೆ ಹಚ್ಚಿದೆ. ಯಾರದೋ ಮನೆಯ ಮಿಕ್ಸಿ ಸದ್ದು ಮಾಡಿತು, ಯಾರದೋ ಟಿವಿ. ಮೊಮ್ಮಗಳು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು, ಬೈಗುಳ ಈಗ ಬರಬಹುದು ಎನ್ನುವ ಹಾಗೆ. ಅನ್ನಕ್ಕೆ ಇಟ್ಟೆ, ಸಾರು ಮಾಡಿದೆ, ಅವಳಿಗೆ ಬಡಿಸಿದೆ. ಅವಳು ಉಂಡು ಮಲಗಿದಳು.

ಸೊಸೆ ಡ್ಯೂಟಿ ಮುಗಿಸಿ ಬಂದ ಮೇಲೆ ವಿಷಯ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ, 'ಎಲ್ಲಾ ಆ ದರಿದ್ರ ಗಿಳಿಯಿಂದ' ಎಂದೂ ಸೇರಿಸಿದೆ. ಅವಳು ನರ್ಸು, ಗಾಬರಿಯಾಗುವ ಜಾತಿಯಲ್ಲ. 'ಗಿಳಿ ಬರೋಕ್ ಮುಂಚೆನೂ ಅವಳಿಗೆ ಓದಾಕೆ ಬರ್ತಿರಲಿಲ್ಲ ಅಲ್ವಾ ಅತ್ತೆ? ಈಗ ಗೊತ್ತಾಯ್ತಲ್ಲ. ಒಂದ್ಸಲ ತೋರಿಸ್ಕೊಂಡು ಬರಾಣ' ಎಂದಳು. ಕಣ್ಣು ತೋರಿಸಿದೆವು, ಕಣ್ಣು ಚೆನ್ನಾಗಿತ್ತು. ಮಕ್ಕಳ ಕಲಿಕೆ ನೋಡುವ ಡಾಕ್ಟರಮ್ಮ ಒಬ್ಬರು ಅವಳನ್ನು ಪರೀಕ್ಷಿಸಿ, ಕೆಲವು ಮಕ್ಕಳಿಗೆ ಕಿವಿಯಷ್ಟು ಸಲೀಸಾಗಿ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ, ದಿನಾ ಸ್ವಲ್ಪ ಹೊತ್ತು ಜೊತೆಗೆ ಕುಳಿತು ಓದಿಸಿ, ಅವಸರ ಬೇಡ, ಗದರಬೇಡಿ ಎಂದರು. ಕೊನೆಯ ಮಾತು ಹೇಳುವಾಗ ನನ್ನ ಮುಖವನ್ನೇ ಯಾಕೆ ನೋಡಿದರೋ ಗೊತ್ತಿಲ್ಲ. ಸೊಸೆ ಏನಾದರೂ ಹೇಳಿದ್ದಿರಬೇಕು.

ಚಿತ್ರದುರ್ಗದ ಕೊನೆಯ ಸಭೆಗೆ ಹೋದಾಗ ಗಿಳಿ ಸೈಟಿಗೆ ಮೊದಲ ಸ್ಥಾನ ಎಂದು ಬರೆದೇ ಇಟ್ಟಿದ್ದರು. ನಾನು ಸಹಿ ಹಾಕಲಿಲ್ಲ. 'ಧ್ವನಿ ಮುಚ್ಚಿ ಇನ್ನೊಂದ್ಸಲ ನೋಡಾಣ' ಎಂದೆ. ಟ್ರಸ್ಟಿನವರಿಗೆ ಬೇಸರವಾಯಿತು. ಮೇಷ್ಟ್ರು, 'ಧ್ವನಿನೇ ಅದರ ಜೀವ ಮೇಡಂ. ಅದನ್ನ ತೆಗೆದ್ರೆ ಏನು ಉಳೀತೈತೆ?' ಎಂದರು. 'ಏನು ಉಳೀತೈತೆ ಅಂತಾನೇ ನೋಡಬೇಕು' ಎಂದು ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಹೋದ ಸಭೆಯಲ್ಲಿ ಸಾಕ್ಷಿ ಎಂದು ಕೊಚ್ಚಿಕೊಂಡವಳು ನಾನೇ, ಆದ್ದರಿಂದ ಹೇಳುವಾಗ ಮುಖ ಬಿಸಿಯಾಯಿತು. ಹೊಸದುರ್ಗದ ಹುಡುಗಿ ಟ್ಯಾಬುಗಳನ್ನು ಬ್ಯಾಗಿಗೆ ಹಾಕಿಕೊಂಡು, 'ಹೋಗಾಣ ಬರ್ರಿ' ಎಂದಳು.

ಹತ್ತಿರದ ಮದಕರಿಪುರದ ಶಾಲೆಗೆ ಹೋದೆವು. ಟ್ರಸ್ಟಿನವರು ಹಿಂದೆ ಒಮ್ಮೆ ಟ್ಯಾಬ್ ಕೊಟ್ಟು ನೋಡಿದಾಗ ಅಲ್ಲಿಯ ಮೂರನೇ ಕ್ಲಾಸಿನ ಮಕ್ಕಳು ಗಿಳಿಯ ಜೊತೆ ಚೆನ್ನಾಗಿ ಮಾಡಿದ್ದರು. ಈ ಸಲ ಧ್ವನಿ ತೆಗೆದು ಕೊಟ್ಟೆವು. ಕೆಲವರು ತುಟಿ ಅಲ್ಲಾಡಿಸುತ್ತಾ ಓದಿ ಸರಿಯಾಗಿ ಮುಟ್ಟಿದರು. ಉಳಿದವರು ಟ್ಯಾಬನ್ನು ತಿರುಗಿಸಿ ನೋಡಿದರು, ಕಿವಿಗೆ ಹಿಡಿದರು, ಪಕ್ಕದವರ ಮುಖ ನೋಡಿದರು. ಕುರಿ ಸಾಕುವವರ ಮನೆಯ ಒಂದು ಹುಡುಗಿ, 'ಗಿಳಿಗೆ ಗಂಟ್ಲು ಕಟ್ಟೈತಾ ಮಿಸ್?' ಎಂದು ಕೇಳಿದಳು. ಮೇಷ್ಟ್ರು ನಗಲಿಲ್ಲ. ಕಿಟಕಿಯ ಹತ್ತಿರ ನಿಂತು, 'ನಮ್ಮ ಶಾಲೇಲೂ ಹಿಂಗೇ ಇರ್ತೈತೆ' ಎಂದರು, ಯಾರಿಗೂ ಅಲ್ಲದ ಹಾಗೆ.

ವಾಪಸು ಬಂದು ಮತ್ತೆ ಚರ್ಚೆ ಮಾಡಿದೆವು. ಗಿಳಿಯನ್ನು ತೆಗೆದುಹಾಕಬೇಕೆಂದು ನಾನು ಹಟ ಹಿಡಿಯುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಮಕ್ಕಳು ಯಾರೂ ಟ್ಯಾಬನ್ನು ಬಿಟ್ಟು ಎದ್ದಿರಲಿಲ್ಲ. ಬರದಿದ್ದರೂ ಮುಟ್ಟುತ್ತಲೇ ಇದ್ದರು. ಬೈಯುವ ಗಿಳಿಯಾಗಿದ್ದರೆ ಎಂದೋ ಮೂಲೆಗೆ ಎಸೆದಿರುತ್ತಿದ್ದರು. ಕಥೆ ಕೇಳಲು ಈ ಸೈಟು ಒಳ್ಳೆಯದು, ಓದು ಬಂದಿದೆಯೇ ಎಂದು ತಿಳಿಯಲು ಇದನ್ನು ನಂಬಬೇಡಿ ಎಂದು ಬರೆದೆವು. ಮಗು ಮೊದಲು ತಾನೇ ಓದಲು ನೋಡಲಿ, ಆಮೇಲೆ ಬೇಕಾದರೆ ಗಿಳಿ ಹೇಳಲಿ, ಹಾಗೆ ಬದಲಾಯಿಸಿ ಎಂದು ಸೈಟು ಮಾಡಿದವರಿಗೂ ತಿಳಿಸಿದೆವು.

ಎಲ್ಲ ಮುಗಿದ ಮೇಲೆ, 'ಪರವಾಗಿಲ್ಲ ಮರಿ ಅಂದಿದ್ದಕ್ಕೆ ನಾನು ಅಂಕ ಕಳೆದಿದ್ದೆನಲ್ಲ, ಅದನ್ನ ವಾಪಸು ಕೊಡ್ರಿ' ಎಂದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. 'ಮೈಗೆ ಹುಷಾರಿಲ್ವಾ ಮೇಡಂ?' ಎಂದರು.

ಈಗ ಸಂಜೆ ಹೊತ್ತು ನಾನೂ ಮೊಮ್ಮಗಳೂ ಜಗಲಿ ಕಟ್ಟೆಯ ಮೇಲೆ ಕೂರುತ್ತೇವೆ. ಗಿಳಿ ಸೈಟಿನ ಧ್ವನಿ ಇಳಿಸಿರುತ್ತೇವೆ. ಒಂದೊಂದು ದಿನ ಎರಡು ಸಾಲು ಆಗುತ್ತದೆ, ಒಂದೊಂದು ದಿನ ಅದೂ ಆಗುವುದಿಲ್ಲ. ನನಗೆ ತಾಳ್ಮೆ ಬಂದುಬಿಟ್ಟಿದೆ ಎಂದು ಸುಳ್ಳು ಹೇಳಲಾರೆ. ಸಿಟ್ಟು ಈಗಲೂ ಬರುತ್ತದೆ, ಹಾಲಿನವನ ಮೇಲೆ ಹಾರಾಡುತ್ತೇನೆ, ಮಗನ ಮೇಲೆ ಹಾರಾಡುತ್ತೇನೆ. ಓದಿಸುವ ಹೊತ್ತಿನಲ್ಲಿ ಮಾತ್ರ ಆ ಭಾನುವಾರದ ದನಿಯನ್ನೇ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಅವಳು ಒಂದು ಪದಕ್ಕೆ ಸಿಕ್ಕಿಕೊಂಡಳು. ಹಿಂದಿನ ದಿನ ಓದಿದ್ದ ಪದವೇ. ತಪ್ಪು ಹೇಳಿದಳು, ಮತ್ತೆ ತಪ್ಪು ಹೇಳಿದಳು, ಹೇಳಿ ನನ್ನ ಮುಖ ನೋಡಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, 'ಪರವಾಗಿಲ್ಲ ಮರಿ, ಇನ್ನೊಂದು ಸಲ' ಎಂದೆ ಮೆಲ್ಲಗೆ.

ಅವಳು ಪಕ್ಕದ ಮನೆಯ ಬಾಗಿಲನ್ನು ನೋಡಿದಳು, ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. 'ಅಜ್ಜಿ, ಯಾರು ಸತ್ತವ್ರೆ?'

'ಯಾರೂ ಸತ್ತಿಲ್ಲ ಕಣಮ್ಮ' ಎಂದೆ, ಅದೇ ದನಿಯಲ್ಲಿ. ನಂಬಿದಳೋ ಇಲ್ಲವೋ, ಸ್ವಲ್ಪ ಹೊತ್ತು ನನ್ನನ್ನು ನೋಡಿ, ಮತ್ತೆ ಆ ಪದದ ಮೇಲೆ ಬೆರಳಿಟ್ಟಳು.